ಸೈರನ್ ಹೊಡೆದರೂ ಏಳದವರು

ಬೆಂಕಿಯ ವಿಷಯ ಓದುವವನ ಸುತ್ತ ನಗುವಂಥದ್ದೇನು ನಡೆದೀತು ಎಂದು ನಾನೂ ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಆದರೆ ಕೈಯಲ್ಲೊಂದು ಸೈರನ್ ಹಿಡಿದು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಯಾರ ಬಾಗಿಲಿಗೆ ಹೋಗಿ ನಿಂತರೂ ಏನಾದರೊಂದು ನಡೆದೇ ತೀರುತ್ತದೆ. ನಡೆಯುವಾಗ ನನಗೆ ಬೆವರು. ನಡೆದ ಮೇಲೆ ಕೇಳಿದವರಿಗೆಲ್ಲ ನಗು. ನಾನು ಮಾತು ಕಡಿಮೆಯಿರುವ ಮನುಷ್ಯ, ಇವನ್ನೆಲ್ಲ ಹೇಳಿಕೊಂಡು ತಿರುಗಿದವನಲ್ಲ. ಆದರೆ ನನ್ನ ಭಾವಮೈದ ಈಗಾಗಲೇ ಕನಕಪುರದ ತುಂಬ ಉಪ್ಪುಖಾರ ಹಚ್ಚಿ ಹೇಳಿಕೊಂಡು ಬಂದಿದ್ದಾನೆ. ಖಾರ ಒರೆಸಿ ನಾನೇ ಬರೆದುಬಿಡುವುದು ವಾಸಿ.

೧. ಹೆಬ್ಬೆಟ್ಟಿನ ಸಾಲು

ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್. ಹೆಲ್ಮೆಟ್ ಹಾಕದವರಿಗೆ ಹಾಕಿಸುವುದು, ಹಾಕಿದವರು ಅದನ್ನು ತೆಗೆದು ಕಡಲೆಕಾಯಿ ತುಂಬಿಕೊಳ್ಳದಂತೆ ನೋಡಿಕೊಳ್ಳುವುದು, ಬಹುಕಾಲ ಇಷ್ಟೇ ನನ್ನ ಕೆಲಸವಾಗಿತ್ತು.

ಒಂದು ಮಧ್ಯಾಹ್ನ ಪ್ಯಾಕಿಂಗ್ ಶೆಡ್ಡಿನ ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಗಳ ರಾಶಿಗೆ ಬೆಂಕಿ ಹತ್ತಿತು. ಸೈರನ್ ಕೂಗಿತು. ನಾನು ಓಡಿಬಂದು ನೋಡಿದರೆ ಹೊಗೆ ಆಗಲೇ ಚಾವಣಿ ತುಂಬಿ ಕೆಳಗಿಳಿಯುತ್ತಿದೆ. ಅದರ ಕೆಳಗೆ ನಮ್ಮ ಜನ ಬಾಗಿಲಿಗೆ ಮುಖಮಾಡಿ ಸಾಲಾಗಿ ನಿಂತಿದ್ದಾರೆ. ತಳ್ಳಾಟವಿಲ್ಲ, ಕೂಗಾಟವಿಲ್ಲ. ಬಾಗಿಲು ಪೂರ್ತಿ ತೆರೆದಿದೆ. ಆದರೂ ಸಾಲು ಮುಂದೆ ಸರಿಯುತ್ತಿಲ್ಲ.

“ಯಾಕ್ರಪ್ಪಾ ನಿಂತ್ಕಂಡಿದ್ದೀರಾ? ನಡೀರಿ ಆಚೆ!”

“ಪಂಚ್ ಮಾಡ್ಬೇಕಲ್ಲ ಸಾರ್,” ಎಂದ ಕೊನೆಯಲ್ಲಿದ್ದವನು, ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡೇ. “ಮಾಡ್ದೆ ಹೋದ್ರೆ ಆಬ್ಸೆಂಟ್ ಹಾಕ್ಬುಡ್ತಾರೆ.”

ಬಾಗಿಲ ಪಕ್ಕದ ಗೋಡೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹಾಜರಿ ಯಂತ್ರ. ಬೆವರಿದ ಬೆರಳನ್ನು ಅದು ಗುರುತು ಹಿಡಿಯುತ್ತಿಲ್ಲ. ಮೊದಲನೆಯವನು ಬೆರಳನ್ನು ಪ್ಯಾಂಟಿಗೆ ಒರೆಸಿ ಒರೆಸಿ ಇಡುತ್ತಿದ್ದಾನೆ. ಯಂತ್ರ ಬಹಳ ಮರ್ಯಾದೆಯಿಂದ ‘ಪ್ಲೀಸ್ ಟ್ರೈ ಅಗೇನ್’ ಎನ್ನುತ್ತಿದೆ.

ನಾನು ಇಬ್ಬರ ಅಂಗಿ ಹಿಡಿದು ಹೊರಗೆ ದಬ್ಬಿದೆ. ಅವರು ಇನ್ನೊಂದು ಬಾಗಿಲಿನಿಂದ ಒಳಗೆ ಬಂದು ಸಾಲಿನ ಕೊನೆಯಲ್ಲಿ ನಿಂತರು. ಹೊಗೆ ಈಗ ಎತ್ತರದವರ ತಲೆಗೆ ಮುಟ್ಟುತ್ತಿತ್ತು. ಯಂತ್ರದ ಸ್ವಿಚ್ಚನ್ನೇ ಆರಿಸಿಬಿಡೋಣವೆಂದು ಸಾಲು ಸೀಳಿಕೊಂಡು ಮುಂದಕ್ಕೆ ನುಗ್ಗಿದೆ. ಯಾರದೋ ಕೈ ಭುಜದ ಮೇಲೆ ಬಿತ್ತು.

“ಸಾರ್, ಆಫೀಸರ್ ಆದ್ರೂ ಲೈನಲ್ಲೇ ಬನ್ನಿ. ಹೊಗೆ ನಮ್ಗೂ ಐತೆ.”

ಅಷ್ಟರಲ್ಲಿ ಬೆಂಕಿ ತಂತಿಗೆ ತಗುಲಿ ಕರೆಂಟು ಹೋಯಿತು. ಯಂತ್ರ ಸತ್ತಿತು. ಜನ ಬದುಕಿದರು.

೨. ಎದ್ದರೆ ಪರೀಕ್ಷೆ ರದ್ದು

ಆ ಯಂತ್ರವನ್ನು ಬಾಗಿಲಿನಿಂದ ತೆಗೆಸಿ ಎಂದು ಮೇಲಿನವರಿಗೆ ಹೇಳಿದೆ. “ಅದಕ್ಕೆಲ್ಲ ಆ ವಿಷಯ ಓದಿದವರ ಅಭಿಪ್ರಾಯ ಬೇಕು,” ಎಂದರು. ಆ ವಿಷಯದ ಪದವಿಯಿಲ್ಲದ ಬಾಯಿಗೆ ಅಲ್ಲಿ ಬೆಲೆಯಿಲ್ಲ ಎಂದು ಗೊತ್ತಾಯಿತು. ಐವತ್ತರ ಹತ್ತಿರ ಬಂದಿದ್ದರೂ ಓದಿಯೇಬಿಡೋಣವೆಂದು ಅಗ್ನಿ ಸುರಕ್ಷತಾ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿಗೆ ಸೇರಿದೆ.

ಅದು ಮೂರು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಕೋರ್ಸು. ಒಂದು ನಮ್ಮ ರಾಜ್ಯದ್ದು, ಒಂದು ಪಕ್ಕದ ರಾಜ್ಯದ್ದು, ಇನ್ನೊಂದು ಸಮುದ್ರದಾಚೆಯದು. ಕೆಲಸದಲ್ಲಿರುವವರಿಗಾಗಿ ಪಾಠ ಹೆಚ್ಚುಪಾಲು ಕಂಪ್ಯೂಟರಿನಲ್ಲೇ. ಬೆಂಕಿ ಹೇಗೆ ಉರಿಯುತ್ತದೆ ಎಂಬುದನ್ನು ಒಬ್ಬರು ಕಲಿಸುತ್ತಾರೆ, ಕಟ್ಟಡ ಹೇಗೆ ತಡೆಯುತ್ತದೆ ಎಂಬುದನ್ನು ಇನ್ನೊಬ್ಬರು, ಜನ ಹೇಗೆ ಓಡುತ್ತಾರೆ ಎಂಬುದನ್ನು ಮೂರನೆಯವರು. ಮೊದಲ ಎರಡು ನನಗೆ ಕಷ್ಟವಾಗಲಿಲ್ಲ. ಬೆಂಕಿ ಎಲ್ಲ ದೇಶದಲ್ಲೂ ಒಂದೇ ರೀತಿ ಉರಿಯುತ್ತದೆ.

ಮೂರನೆಯ ಪತ್ರಿಕೆಯ ಪರೀಕ್ಷೆಯನ್ನು ಭಾನುವಾರ ಬೆಳಿಗ್ಗೆ ರಾಮನಗರದ ಮನೆಯಲ್ಲೇ ಕುಳಿತು ಬರೆದೆ. ಕ್ಯಾಮೆರಾದ ಆ ಕಡೆಯಿಂದ ಮೂರೂ ವಿಶ್ವವಿದ್ಯಾಲಯಗಳ ಮೇಲ್ವಿಚಾರಕರು ನನ್ನನ್ನೇ ನೋಡುತ್ತಿದ್ದರು. ಕೋಣೆಯಲ್ಲಿ ಇನ್ನೊಬ್ಬರು ಕಾಣಿಸಿದರೆ ಪರೀಕ್ಷೆ ರದ್ದು, ಕುರ್ಚಿಯಿಂದ ಎದ್ದರೂ ರದ್ದು.

ಪ್ರಯೋಗಕ್ಕೆಂದು ಮನೆಯಲ್ಲೊಂದು ಹೊಗೆ ಪತ್ತೆಹಚ್ಚುವ ಅಲಾರಾಂ ಹಾಕಿಸಿದ್ದೆ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಳು. ಅಲಾರಾಂ ಮನೆ ಹಾರಿಹೋಗುವಂತೆ ಕೂಗತೊಡಗಿತು.

ಸಮುದ್ರದಾಚೆಯವರು ಗಾಬರಿಯಾಗಿ, “ತಕ್ಷಣ ಎದ್ದು ಹೊರಗೆ ಹೋಗಿ,” ಎಂದರು.

ನಮ್ಮ ರಾಜ್ಯದವರು, “ಎದ್ದರೆ ಪೇಪರ್ ಕ್ಯಾನ್ಸಲ್ ಆಗುತ್ತೆ, ನೋಡಿ,” ಎಂದರು.

ಪಕ್ಕದ ರಾಜ್ಯದವರು, “ನಮ್ಮ ನಿಯಮದಲ್ಲಿ ಇದರ ಬಗ್ಗೆ ಏನೂ ಇಲ್ಲ,” ಎಂದು ಪ್ರಾಮಾಣಿಕವಾಗಿ ಹೇಳಿದರು.

ನನ್ನ ಗಂಟಲು ಮೆಣಸಿನ ಘಾಟಿಗೆ ಕಟ್ಟಿಕೊಂಡಿತ್ತು. ಎರಡು ಕಣ್ಣಲ್ಲೂ ನೀರು. ಬಾಗಿಲ ಹೊರಗೆ ಹೆಂಡತಿ ಮೊರದಿಂದ ಗಾಳಿ ಬೀಸುತ್ತಾ, “ಒಳಗೆ ಬರ್ಲಾ? ಬಂದ್ರೆ ಫೇಲ್ ಆಗ್ತೀರಾ?” ಎಂದು ಪಿಸುಗುಟ್ಟುತ್ತಿದ್ದಳು. ನಾನು ಅಳ್ಳಾಡದೆ ಕುಳಿತು ಮುಂದಿನ ಪ್ರಶ್ನೆ ಓದಿದೆ. ‘ಅಲಾರಾಂ ಸ್ಪಷ್ಟವಾಗಿ ಕೇಳಿಸುತ್ತಿದ್ದರೂ ಜನ ಕುಳಿತಲ್ಲಿಂದ ಏಳದಿರಲು ಕಾರಣಗಳನ್ನು ವಿವರಿಸಿ.’

ಆ ಉತ್ತರಕ್ಕೆ ತರಗತಿಯಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು ಅಂಕ.

೩. ಈ ಬೇಸಿನ್ ಮುಗಿಯಲಿ

ಉಳಿದದ್ದು ಒಂದೇ ಕೆಲಸ. ನಿಜವಾದ ಕಟ್ಟಡದಲ್ಲಿ, ನಿಜವಾದ ಜನರ ನಡುವೆ, ಮುನ್ಸೂಚನೆಯಿಲ್ಲದೆ ಸೈರನ್ ಹೊಡೆದು, ಜನ ಹೊರಗೆ ಬರುವುದನ್ನು ವಿಡಿಯೋ ಮಾಡಿ ವರದಿ ಕೊಡಬೇಕು. ಕಟ್ಟಡದ ಯಜಮಾನರ ಒಪ್ಪಿಗೆಯಿದ್ದರೆ ಸಾಕು. ಸುಲಭವೆಂದುಕೊಂಡು ಆಫೀಸಿನ ಕೆಲಸದಲ್ಲಿ ಅದನ್ನು ಮುಂದೂಡುತ್ತಾ ಬಂದೆ. ಕೊಟ್ಟ ಗಡುವು ಮುಗಿದು, ವಿಸ್ತರಿಸಿಕೊಂಡ ಗಡುವೂ ಮುಗಿಯುತ್ತಾ ಬಂತು. ಇನ್ನು ವಿಸ್ತರಣೆಯಿಲ್ಲ. ಈ ಒಂದು ವಿಡಿಯೋ ಇಲ್ಲದಿದ್ದರೆ ಮೂರೂ ವಿಶ್ವವಿದ್ಯಾಲಯಗಳಲ್ಲಿ ಪಡೆದ ಅಂಕಗಳೆಲ್ಲ ಒಟ್ಟಿಗೆ ರದ್ದಾಗುತ್ತವೆ ಎಂದು ನನ್ನ ಗೈಡ್ ಮೇಡಂ ಫೋನಿನಲ್ಲಿ ಹೇಳಿದರು. ಅವರು ನನಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವರು. ಕೆಟ್ಟ ಸುದ್ದಿಯನ್ನೂ ‘ಸರ್’ ಹಾಕಿಯೇ ಹೇಳುತ್ತಾರೆ.

ಮೊದಲು ಹೋದದ್ದು ರಾಮನಗರದಲ್ಲೇ ಇದ್ದ ಒಂದು ರೇಷ್ಮೆ ನೂಲು ತೆಗೆಯುವ ಘಟಕಕ್ಕೆ. ಉದ್ದನೆಯ ಶೆಡ್ಡು. ಎರಡೂ ಕಡೆ ಕುದಿನೀರಿನ ಬೇಸಿನ್‌ಗಳು. ಅದರಲ್ಲಿ ಬೇಯುವ ಗೂಡುಗಳಿಂದ ಎಳೆ ಹುಡುಕಿ ರಾಟೆಗೆ ಕೊಡುವ ಹೆಂಗಸರು. ಮಾಲೀಕರು ಒಳ್ಳೆಯವರು. “ಹೊಡೀರಿ ಸಾರ್, ನಾನು ಯಾರಿಗೂ ಹೇಳಿಲ್ಲ,” ಎಂದು ಕಣ್ಣು ಮಿಟುಕಿಸಿದರು.

ಹೊಡೆದೆ. ಒಬ್ಬರೂ ತಲೆಯೆತ್ತಲಿಲ್ಲ. ತಂದಿದ್ದ ಹೊಗೆಗುಳಿಗೆಯನ್ನು ಹಚ್ಚಿದೆ. ಮೊದಲೇ ಆವಿ ತುಂಬಿದ್ದ ಶೆಡ್ಡಿನಲ್ಲಿ ಆ ಹೊಗೆ ಯಾವುದೆಂದೇ ಗೊತ್ತಾಗಲಿಲ್ಲ. ಕ್ಯಾಮೆರಾ ಓಡುತ್ತಿತ್ತು. ಜನ ಮಾತ್ರ ಕದಲಲಿಲ್ಲ. ಕೊನೆಗೆ ಹತ್ತಿರದಲ್ಲಿದ್ದ ಹೆಂಗಸಿನ ಬಳಿ ಹೋಗಿ ಬಗ್ಗಿ ಹೇಳಿದೆ: “ಅಮ್ಮಾ, ಬೆಂಕಿ ಬಿದ್ದಿದೆ ಅಂತ ಅಂದ್ಕೊಳ್ಳಿ.”

“ಅಂದ್ಕಂಡೆ ಸಾರ್.”

“ಮತ್ತೆ ಏಳಿ!”

“ಈಗ ಎದ್ರೆ ಎಳೆ ಹರಿದೋಯ್ತದೆ, ಗೂಡು ಕರಗೋಯ್ತವೆ. ಒಸಿ ತಡೀರಿ, ಈ ಬೇಸಿನ್ ಮುಗೀಲಿ. ಆಮೇಲೆ ಎಲ್ರೂ ಓಡ್ತೀವಿ.”

ಮಾತಿಗೆ ತಪ್ಪಲಿಲ್ಲ. ಬೇಸಿನ್ ಮುಗಿಸಿದರು, ಕೈ ತೊಳೆದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಚಪ್ಪಲಿ ಹುಡುಕಿ ಹಾಕಿಕೊಂಡು ಬಾಗಿಲ ಬಳಿ ಒಟ್ಟಾಗಿ ನಿಂತು, “ಈಗ ಓಡ್ಬೋದಾ ಸಾರ್?” ಎಂದು ಕೇಳಿದರು. ಚೆನ್ನಾಗಿಯೇ ಓಡಿದರು. ಇಬ್ಬರು ತಾವು ವಿಡಿಯೋದಲ್ಲಿ ಸರಿಯಾಗಿ ಬಂದಿಲ್ಲವೆಂದು ವಾಪಸ್ ಹೋಗಿ ಮತ್ತೊಮ್ಮೆ ಓಡಿದರು.

ವಿಡಿಯೋ ನೋಡಿದ ಮೇಡಂ ಫೋನು ಮಾಡಿದರು. “ಸರ್, ಇದು ಅಪಾಯದಿಂದ ತೆರವಾಗುವುದಲ್ಲ. ಕ್ರೀಡಾಕೂಟ.”

೪. ಹಳದಿ ಮುಚ್ಚಳ

ಚನ್ನಪಟ್ಟಣದಿಂದ ಹೊಂಗನೂರಿನ ಕಡೆಗೆ ಹೋಗುವ ದಾರಿಯಲ್ಲಿ ಮರದ ಬೊಂಬೆ ಮಾಡುವ ಒಂದು ಕಾರ್ಯಾಗಾರ ಸಿಕ್ಕಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಸುತ್ತ ಮೊಣಕಾಲೆತ್ತರ ಮರದ ಹೊಟ್ಟು. ಬೆಂಕಿಗೆ ಇನ್ನೇನು ಬೇಕು?

ಈ ಸಲ ಜಾಣನಾದೆ. ಸೈರನ್ ನಾನು ಹೊಡೆಯುವುದು ಬೇಡ. ಚಾವಣಿಗೆ ಅಲಾರಾಂ ಹಾಕಿ, ಕ್ಯಾಮೆರಾ ಇಟ್ಟು ಹೋಗುತ್ತೇನೆ. ಎಂದಾದರೂ ಹೊಗೆಗೆ ಅದು ತಾನಾಗಿ ಕೂಗಿದಾಗ ಜನ ಏನು ಮಾಡುತ್ತಾರೋ ಅದು ದಾಖಲಾಗಲಿ. ಮೇಡಂ ಒಪ್ಪಿದರು. ಯಜಮಾನರು ಏಣಿ ಹಿಡಿದುಕೊಂಡರು. ಅಲಾರಾಂ ಹಾಕಿ ಬಂದೆ.

ದಿನಗಳು ಕಳೆದವು. ಗಡುವು ಹತ್ತಿರ ಬರುತ್ತಿತ್ತು. ತಡೆಯಲಾರದೆ ಒಂದು ಸಂಜೆ ಹೋಗಿ ನೋಡಿದೆ. ಚಾವಣಿಯಲ್ಲಿ ನನ್ನ ಅಲಾರಾಂ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಬಹಳ ಸುಂದರವಾದ, ನುಣುಪಾದ, ಹಳದಿ ಬಣ್ಣದ ಮರದ ಬಟ್ಟಲೊಂದು ಬೋರಲಾಗಿ ಕೂತಿತ್ತು. ಅಂಚಿಗೆ ಕೆಂಪು ಗೆರೆ.

“ಇದೇನು?”

“ಮುಚ್ಚಳ ಸಾರ್,” ಎಂದರು ಯಜಮಾನರು, ಹೆಮ್ಮೆಯಿಂದ. “ಹೊಟ್ಟಿನ ಧೂಳು ಹೋಗಿ ಹೋಗಿ ನಿಮ್ ಮಿಶನ್ ಕೂಗ್ಕಂತಾ ಇತ್ತು. ಪಾಪ, ಕೆಟ್ಟೋಗುತ್ತೆ ಅಂತ ಅಳತೆ ತಗಂಡು ನಾವೇ ಕಡೆದ್ವಿ. ಈಗ ನೋಡಿ, ಒಂದು ಉಸ್ರು ಒಳಕ್ಕೆ ಹೋಗಲ್ಲ.”

ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಅಲಾರಾಂ ಕೂಗುತ್ತದೆ, ಎಲ್ಲರೂ ಏಳುತ್ತಾರೆ. ನನ್ನ ಎದೆ ಹಿಗ್ಗುತ್ತದೆ. ಎಲ್ಲರೂ ಅಲಾರಾಂ ಕೆಳಗೆ ಬಂದು ನಿಲ್ಲುತ್ತಾರೆ. ಒಬ್ಬ ಏಣಿ ತರುತ್ತಾನೆ, ಇನ್ನೊಬ್ಬ ಅಳತೆ ಪಟ್ಟಿ.

ನಾನು ಮತ್ತೆ ತಲೆಯೆತ್ತಿ ಮುಚ್ಚಳವನ್ನು ನೋಡಿದ್ದನ್ನು ಯಜಮಾನರು ಮೆಚ್ಚುಗೆಯೆಂದು ತಿಳಿದರು. ಗೋಡೆಯ ಗೂಡಿನಿಂದ ಇನ್ನೂ ನಾಲ್ಕಾರು ಮುಚ್ಚಳ ತೆಗೆದು ಮುಂದಿಟ್ಟರು. “ನಿಮ್ ಫ್ಯಾಕ್ಟ್ರಿಗೂ ತಗಂಡೋಗಿ ಸಾರ್. ಹಸಿರೂ ಐತೆ.”

೫. ಸೊನ್ನೆ

ಮಾಗಡಿ ಕಡೆಯ ಒಂದು ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಶಿಸ್ತಿನವರೆಂದು ಹೆಸರಿತ್ತು. ಶಿಸ್ತಿರುವಲ್ಲಿ ಗಂಟೆಗೆ ಬೆಲೆಯಿರುತ್ತದೆ ಎಂದು ಅಲ್ಲಿಗೆ ಹೋದೆ. “ಮಕ್ಕಳಿಗೆ ಮೊದಲೇ ಹೇಳಬೇಡಿ,” ಎಂದು ಕೈಮುಗಿದೆ. “ಒಂದು ಮಗುವಿಗೂ ಹೇಳಲ್ಲ,” ಎಂದು ಮಾತು ಕೊಟ್ಟರು.

ಗೊತ್ತುಮಾಡಿದ ದಿನ ಸ್ಕೂಟರಿನಲ್ಲಿ ಹೋದೆ. ಗೇಟಿನ ಬಳಿಯೇ ಅನುಮಾನ ಬಂತು. ರಂಗೋಲಿ ಇತ್ತು. ಮಾವಿನ ತೋರಣ ಇತ್ತು. ಮೈಕಿನಲ್ಲಿ ‘ಹಲೋ, ಹಲೋ, ಚೆಕ್’ ಕೇಳಿಸುತ್ತಿತ್ತು.

“ಇದೇನು ಸಾರ್?” ಎಂದೆ.

“ಮಕ್ಕಳಿಗೆ ಹೇಳಿಲ್ಲ. ಪೋಷಕರಿಗೆ ಹೇಳಿದ್ದೀನಿ,” ಎಂದರು ಮುಖ್ಯೋಪಾಧ್ಯಾಯರು. “ಇಷ್ಟು ಒಳ್ಳೆ ಕಾರ್ಯಕ್ರಮ, ಉದ್ಘಾಟನೆ ಇಲ್ಲದೆ ಹೆಂಗೆ ಮಾಡೋದು?”

ಮುಖ್ಯ ಅತಿಥಿ ಬರುವುದು ತಡವಾಯಿತು. ಬಂದರು. ಅಗ್ನಿ ಸುರಕ್ಷತೆಯ ಕಾರ್ಯಕ್ರಮವನ್ನು ದೀಪ ಬೆಳಗಿಸಿ ಉದ್ಘಾಟಿಸಿದರು. ಗಾಳಿಗೆ ದೀಪ ನಿಲ್ಲದೆ ಕರ್ಪೂರ ಇಟ್ಟು ಹಚ್ಚಿದರು. ಹಿಂದಿನ ಬ್ಯಾನರಿನ ಅಂಚು ಸ್ವಲ್ಪ ಕರಗಿತು. ನನಗೆ ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟರು. ಅತಿಥಿಗಳು ಶಿಸ್ತಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಕೊನೆಗೆ ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿ, “ಈಗ ನೀವು ಶುರು ಮಾಡಿ,” ಎಂದರು.

ನಾನು ಪೇಟ ತೆಗೆಯುವುದನ್ನೂ ಮರೆತು ಕಟ್ಟಡದೊಳಗೆ ಓಡಿದೆ. ಕ್ಯಾಮೆರಾ ಹಚ್ಚಿದೆ. ಸೈರನ್ ಒತ್ತಿದೆ. ಶಾಲೆಯೆಲ್ಲ ನಡುಗಿತು. ಯಾವ ಕೋಣೆಯಿಂದಲೂ ಯಾರೂ ಬರಲಿಲ್ಲ. ಯಾಕೆಂದರೆ ಶಾಲೆಯ ಮಕ್ಕಳು, ಮೇಷ್ಟರುಗಳು, ಜವಾನರು, ಪೋಷಕರು ಎಲ್ಲರೂ ಬೆಳಗಿನಿಂದ ಮೈದಾನದಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು. ಕಟ್ಟಡದಲ್ಲಿ ಸಿಕ್ಕಿಕೊಂಡಿದ್ದವನು ನಾನೊಬ್ಬನೇ.

“ತೆರವಾಗಲು ಹಿಡಿದ ಸಮಯ ಸೊನ್ನೆ,” ಎಂದು ಬರೆದು ಮೇಡಂಗೆ ವಿಡಿಯೋ ಕಳಿಸಿದೆ.

ಅವರು ಫೋನು ಮಾಡಿ ಕೇಳಿದರು. “ಒಳಗಿದ್ದವರು ಸುರಕ್ಷಿತವಾಗಿ ಹೊರಗೆ ಬಂದರಾ ಸರ್? ಶಾಲು ಸಮೇತ?”

೬. ಬೀಗರ ಊಟ

ಗಡುವಿಗೆ ಇನ್ನೊಂದೇ ವಾರವಿತ್ತು. ಬೇರೆ ಕಟ್ಟಡವೂ ಸಿಕ್ಕಿರಲಿಲ್ಲ. ಊಟ ಸೇರುತ್ತಿರಲಿಲ್ಲ. ನನ್ನ ಮುಖ ನೋಡಿ ಹೆಂಡತಿ ಕನಕಪುರಕ್ಕೆ ಫೋನು ಮಾಡಿದಳು. ಅವಳ ತಮ್ಮ ಅಲ್ಲಿನ ಒಂದು ಕಲ್ಯಾಣ ಮಂಟಪದ ಮ್ಯಾನೇಜರು.

“ಅದಕ್ಯಾಕ್ ಭಾವ ಇಷ್ಟೊಂದು ತಲೆ ಕೆಡಿಸ್ಕಂಡಿದ್ದೀರಾ? ಭಾನುವಾರ ಮದ್ವೆ ಐತೆ. ಮಂಟಪ ತುಂಬಾ ಜನ. ಬಂದು ಹೊಡೀರಿ,” ಎಂದ ಭಾವಮೈದ. ಹೆಣ್ಣಿನ ತಂದೆಯನ್ನೂ ಒಪ್ಪಿಸಿದ. ಅವರು ಕೇಳಿದ್ದು ಒಂದೇ: “ತಾಳಿ ಕಟ್ಟೋಗಂಟ ಸುಮ್ಕಿರಿ. ಆಮೇಲೆ ಏನಾರ ಹೊಡ್ಕಳಿ.”

ಮೇಡಂ ತಾವೇ ಬಂದರು. ಸಮುದ್ರದಾಚೆಯ ಪರೀಕ್ಷಕರು ಮೇಡಂ ಕೈಯಲ್ಲಿದ್ದ ಫೋನಿನ ಮೂಲಕ ನೋಡುವುದೆಂದಾಗಿತ್ತು. ಅವರ ಒಪ್ಪಿಗೆಯೇ ಕೊನೆಯ ಮಾತು.

ಊಟದ ಹಾಲ್ ನೆಲಮಾಳಿಗೆಯಲ್ಲಿ. ಒಂದು ತುದಿಯಲ್ಲಿ ಮೇಲಕ್ಕೆ ಹೋಗುವ ಅಗಲವಾದ ಮೆಟ್ಟಿಲು, ಇನ್ನೊಂದು ತುದಿಯಲ್ಲಿ ಅಡುಗೆಮನೆ. ಪಂಕ್ತಿ ನಡೆಯುತ್ತಿತ್ತು. ನಮ್ಮ ಕಡೆಯ ಮದುವೆ ಊಟ ಕಂಡವರಿಗೆ ಹೇಳಬೇಕಾಗಿಲ್ಲ. ಉಣ್ಣುವವರು ಎಷ್ಟೋ, ಅವರ ಕುರ್ಚಿಯ ಬೆನ್ನು ಹಿಡಿದು ಮುಂದಿನ ಪಂಕ್ತಿಗೆ ಕಾಯುತ್ತಾ ನಿಂತವರೂ ಅಷ್ಟೇ. ನಿಂತವರ ಕಣ್ಣು ಕುಳಿತವರ ಎಲೆಯ ಮೇಲೆ. ಕುಳಿತವರು ಎಲೆ ಮಡಚುವುದೇ ತಡ, ಇವರು ಕುರ್ಚಿ ಎಳೆದುಕೊಳ್ಳುತ್ತಾರೆ.

ಪಾಯಸದ ಹೊತ್ತಿಗೆ ಸೈರನ್ ಒತ್ತಿದೆ.

ಒಬ್ಬ ಹಿರಿಯರು ಬೆಚ್ಚಿಬಿದ್ದು ಎದ್ದು ನಿಂತರು. ಮೇಡಂ ಫೋನನ್ನು ಅವರ ಕಡೆ ತಿರುಗಿಸಿದರು. ಅವರ ಹಿಂದಿದ್ದವನು ತಕ್ಷಣ ಕುರ್ಚಿಯಲ್ಲಿ ಕುಳಿತುಬಿಟ್ಟ.

“ಏಯ್, ಏನ್ಲಾ ಇದು? ನಂದಿನ್ನೂ ಪಾಯ್ಸ ಆಗಿಲ್ಲ ಕಣ್ಲಾ!”

“ಎದ್ರಲ್ಲ ತಾತ. ಎದ್ ಮ್ಯಾಲೆ ಆಯ್ತು.”

ಇದನ್ನು ನೋಡಿದ ಹಾಲಿನವರೆಲ್ಲ ಎರಡು ಕೈಯಿಂದ ಕುರ್ಚಿಯನ್ನು ಭದ್ರವಾಗಿ ಹಿಡಿದುಕೊಂಡರು. ಸೈರನ್ ಕೂಗುತ್ತಲೇ ಇತ್ತು. ಬಡಿಸುವವರು ಅದರ ಮೇಲೆ ದನಿಯೆತ್ತಿ, “ಹಪ್ಳಾ ಹಪ್ಳಾ” ಎಂದು ಕೂಗಿಕೊಂಡು ಓಡಾಡಿದರು. ಫೋನಿನಿಂದ ಪರೀಕ್ಷಕರು, ಅವರಿಗೆಲ್ಲ ಕಿವಿ ಕೇಳಿಸುತ್ತದೆಯೇ ಎಂದು ವಿಚಾರಿಸಿದರು. ಮೇಡಂ ನನ್ನನ್ನು ನೋಡಲಿಲ್ಲ. ನೆಲ ನೋಡಿದರು.

ಮುಗಿಯಿತು ಎಂದುಕೊಂಡೆ. ಆಗ ಅಡುಗೆಮನೆಯ ಬಾಗಿಲಿನಿಂದ ಕಪ್ಪು ಹೊಗೆ ಬಂತು.

ಓಡಿದೆ. ಬೋಂಡದ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ ಜ್ವಾಲೆ ಚಾವಣಿ ನೆಕ್ಕುತ್ತಿತ್ತು. ಮೂಲೆಯಲ್ಲಿ ಗ್ಯಾಸ್ ಸಿಲಿಂಡರುಗಳ ಸಾಲು. ಅಡುಗೆ ಭಟ್ಟರು ತುಂಬಿದ ಬಕೆಟ್ ಎತ್ತಿ ಬಾಣಲೆಗೆ ಗುರಿಯಿಟ್ಟಿದ್ದರು.

“ನೀರು ಹಾಕ್ಬೇಡಿ!” ನನ್ನ ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿದವನಲ್ಲ. ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಹಾಲಿನವರೆಗೂ ಹಾರುತ್ತಿತ್ತು. ಭಟ್ಟರು ಬಕೆಟ್ ಕೆಳಗಿಟ್ಟರು. “ಒಲೆಯ ಮೇನ್ ವಾಲ್ವ್ ಎಲ್ಲಿ? ಮೊದ್ಲು ಅದನ್ನ ತಿರುಗಿಸಿ. ದೊಡ್ಡ ಮುಚ್ಚಳ ಹುಡುಕಿ. ನಾನು ಜನಾನ ಕಳಿಸಿ ಬತ್ತೀನಿ,” ಎಂದೆ.

ಹಾಲಿಗೆ ಬಂದಾಗ ಭಾವಮೈದ ಆಗಲೇ ಮೈಕ್ ಹಿಡಿದಿದ್ದ. “ನಿಜ್ವಾಗ್ಲೂ ಬೆಂಕಿ ಬಿದ್ದೈತೆ! ಎಲ್ರೂ ಏಳಿ! ಬೇಗ ಮ್ಯಾಕೆ ನಡೀರಿ!”

ಇಡೀ ಹಾಲ್ ನಕ್ಕಿತು.

“ಎಷ್ಟು ಚೆಂದಾಗ್ ಮಾಡ್ತಾನೆ ನೋಡ್ಲಾ.”

“ನಾಟ್ಕದಲ್ಲಿ ಪಾರ್ಟ್ ಹಾಕ್ತಿದ್ನಲ್ಲ, ಅಭ್ಯಾಸ ಐತೆ.”

“ಅವ್ರ ಭಾವುಂಗೆ ಪರೀಕ್ಸೆ ಅಂತೆ. ನೀನು ಉಣ್ಣು.”

“ಲೇ, ಬೆಂಕಿ ಕಣ್ರೋ! ದೇವ್ರಾಣೆ!” ಭಾವಮೈದನ ದನಿ ಒಡೆಯಿತು. ಯಾರೋ ಚಪ್ಪಾಳೆ ತಟ್ಟಿದರು.

ಹೊಗೆ ಚಾವಣಿ ಹಿಡಿದು ಮೆಟ್ಟಿಲ ಕಡೆಗೆ ಹರಿಯುತ್ತಿತ್ತು. ಅದು ಮೆಟ್ಟಿಲು ಮುಟ್ಟಿದರೆ ಈ ಜನ ಹೋಗುವುದು ಎಲ್ಲಿಂದ? ಪದವಿ, ಗಡುವು, ಮೂರು ವಿಶ್ವವಿದ್ಯಾಲಯ ಯಾವುದೂ ತಲೆಯಲ್ಲಿ ಉಳಿಯಲಿಲ್ಲ. ಮಕ್ಕಳು ಹಪ್ಪಳ ಕಡಿಯುತ್ತಿದ್ದುದು ಮಾತ್ರ ಕಾಣಿಸುತ್ತಿತ್ತು. ಓದಿದ್ದೆಲ್ಲವನ್ನೂ ಒಮ್ಮೆ ತಡಕಿದೆ. ಯಾವ ಪುಸ್ತಕದಲ್ಲೂ ಏನೂ ಸಿಗಲಿಲ್ಲ. ಸುಮ್ಮನೆ ಆ ಜನರ ಮುಖ ನೋಡಿದೆ. ಎಲ್ಲರೂ ಊರಿನವರು. ಮದುವೆಯ ದಿನ ಪಾಯಸ, ಹಪ್ಪಳ. ಮಾರನೆಯ ದಿನ ಬೀಗರ ಊಟದಲ್ಲಿ ಮರಿಯ ಮಾಂಸ, ಮುದ್ದೆ. ಇವತ್ತು ಬಂದವರಲ್ಲಿ ಅರ್ಧ ಜನ ನಾಳೆಯದಕ್ಕಾಗಿಯೇ ಉಳಿದುಕೊಂಡವರು.

ಭಾವಮೈದನ ಕಿವಿಯಲ್ಲಿ ನಾಲ್ಕು ಮಾತು ಹೇಳಿದೆ. ಅವನ ಮುಖ ಬಿಳಿಚಿತು.

“ಭಾವ, ನನ್ನ ಹೊಡೆದಾಕ್ತಾರೆ.”

“ಹೊಡೀಲಿ. ಹೊರಗೆ ಹೊಡೀಲಿ.”

ಅವನು ಮೈಕ್ ಬಾಯಿಗಿಟ್ಟ. “ಒಸಿ ಇಲ್ಲಿ ಕೇಳ್ರಪ್ಪಾ. ಬೀಗರ ಊಟ ನಾಳೆ ಅಲ್ಲ, ಇವತ್ತೇ. ರಸ್ತೆಯಾಚೆ ಮಾವಿನ ತೋಪಿನಲ್ಲಿ ಎಲೆ ಹಾಕ್ತಾವ್ರೆ. ಇರೋದು ಒಂದೇ ಪಂಕ್ತಿ.”

ಕುರ್ಚಿಗಳೆಲ್ಲ ಒಟ್ಟಿಗೆ ಹಿಂದಕ್ಕೆ ಹೋದವು. ನಿಂತವರು ಮುಂದೆ, ಕುಳಿತವರು ಹಿಂದೆ. ಕೈ ತೊಳೆಯಲು ಯಾರೂ ನಿಲ್ಲಲಿಲ್ಲ. ಅಜ್ಜಿಯರನ್ನು ಮೊಮ್ಮಕ್ಕಳು ಎತ್ತಿಕೊಂಡರು, ಮೊಮ್ಮಕ್ಕಳನ್ನು ಅಜ್ಜಿಯರು ಎಳೆದುಕೊಂಡರು. ಒಬ್ಬರೂ ಬೀಳಲಿಲ್ಲ, ಒಬ್ಬರೂ ಹಿಂದಿರುಗಲಿಲ್ಲ. ಬಡಿಸುವವರು ಪಾಯಸದ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಟರು. ನಾನು ಪುಸ್ತಕದಲ್ಲಿ ಓದಿದ ಯಾವ ಊರಿನವರೂ ಅಷ್ಟು ಬೇಗ ಕಟ್ಟಡ ಖಾಲಿ ಮಾಡಿದ ಉದಾಹರಣೆಯಿಲ್ಲ. ಕೊನೆಯವನು ಮೆಟ್ಟಿಲು ಹತ್ತಿದ ಮೇಲೆ ಹೊಗೆ ಅಲ್ಲಿಗೆ ಬಂದು ಮುಟ್ಟಿತು.

ಅಡುಗೆಮನೆಗೆ ತಿರುಗಿ ಓಡಿದೆ. ಭಟ್ಟರು ವಾಲ್ವ್ ತಿರುಗಿಸಿದ್ದರು. ಒದ್ದೆ ಗೋಣಿ ಕೈಗೆ ಸುತ್ತಿಕೊಂಡು ಇಬ್ಬರೂ ಒಂದೊಂದು ಕಡೆ ಹಿಡಿದು, ಅನ್ನದ ಹಂಡೆಯ ಮುಚ್ಚಳವನ್ನು ಬಾಣಲೆಯ ಮೇಲೆ ಜಾರಿಸಿದೆವು. ಬೆಂಕಿ ಅದರ ಕೆಳಗೆ ಎರಡು ಸಲ ಬುಸುಗುಟ್ಟಿ ಸುಮ್ಮನಾಯಿತು. ಭಟ್ಟರು ಗೋಡೆಗೊರಗಿ ಕುಳಿತುಬಿಟ್ಟರು. ನನ್ನ ಹುಬ್ಬು ಅರ್ಧ ಸುಟ್ಟಿತ್ತು.

ಮೇಲೆ ಬಂದೆ. ರಸ್ತೆಯಾಚೆಯ ತೋಪಿನಲ್ಲಿ ಇಡೀ ಮದುವೆ ನಿಂತಿತ್ತು, ಗಂಡು ಹೆಣ್ಣು ಸಮೇತ. ಎಲೆಯಿಲ್ಲ, ಮುದ್ದೆಯಿಲ್ಲ. ಭಾವಮೈದ ಒಂದು ಮಾವಿನ ಮರದ ಹಿಂದೆ ಇದ್ದ. ಗುಂಪಿನ ಗದ್ದಲ ಏರುತ್ತಿತ್ತು. ಮೇಡಂ ಫೋನು ಹಿಡಿದುಕೊಂಡೇ ನನ್ನ ಕಡೆ ಬಂದರು. “ಸರ್, ಪರೀಕ್ಷಕರು ಎಲ್ಲ ನೋಡಿದರು. ಇಷ್ಟು ಜನರನ್ನ ಏನು ಹೇಳಿ ಎಬ್ಬಿಸಿದಿರಿ ಅಂತ ಕೇಳ್ತಿದ್ದಾರೆ.”

“ಮೊದಲು ಇವರಿಗೆ ಹೇಳಬೇಕು,” ಎಂದೆ.

ಮರದ ಬುಡದ ಕಲ್ಲಿನ ಮೇಲೆ ಹತ್ತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಡುಗೆಮನೆಗೆ ನಿಜವಾಗಿ ಬೆಂಕಿ ಬಿದ್ದಿತ್ತು, ಈಗ ಆರಿದೆ, ಬೀಗರ ಊಟ ನಾಳೆಯೇ. ನೆಲಮಟ್ಟದ ಕಿಟಕಿಗಳಿಂದ ಇನ್ನೂ ಹೊಗೆ ಬರುತ್ತಿರುವುದನ್ನು ಕೈಯೆತ್ತಿ ತೋರಿಸಿದೆ. ಜನ ತಿರುಗಿ ನೋಡಿದರು. ಗದ್ದಲ ನಿಂತಿತು. ಹೆಣ್ಣಿನ ತಂದೆ ಮಗಳ ಕೈ ಹಿಡಿದುಕೊಂಡರು.

ಆಗ ಪಾಯಸ ಕಳೆದುಕೊಂಡಿದ್ದ ಆ ಹಿರಿಯರು ಗುಂಪಿನಿಂದ ಮುಂದೆ ಬಂದರು. ಎಂಜಲು ಕೈ ಇನ್ನೂ ಒಣಗಿರಲಿಲ್ಲ.

“ಅಲ್ಲ ಕಣಪ್ಪ,” ಎಂದರು, ನಿಜವಾಗಿಯೂ ನೊಂದ ದನಿಯಲ್ಲಿ. “ಬೆಂಕಿ ಬಿದ್ದೈತೆ, ಏಳ್ರಪ್ಪ ಅಂತ ನೆಟ್ಟಗೆ ಒಂದು ಮಾತು ಅಂದಿದ್ರೆ ನಾವೇನು ಎದ್ ಬತ್ತಿರ್ನಿಲ್ವಾ? ಉಣ್ಣೋ ಜನುಕ್ಕೆ ಯಾರಾರ ಇಂಥಾ ಸುಳ್ಳು ಹೇಳ್ತಾರಾ?”

“ಊ ಮತ್ತೆ!” ಎಂದಿತು ಇಡೀ ತೋಪು.

ಫೋನಿನಿಂದ ಪರೀಕ್ಷಕರು, ಆ ಹಿರಿಯರು ಹೇಳಿದ್ದೇನು ಎಂದು ಕೇಳಿದರು. ಮೇಡಂ ಅನುವಾದಿಸಿ ಹೇಳಿದರು. ಇನ್ನೊಮ್ಮೆ ಹೇಳಿ ಎಂದರು. ಮೇಡಂ ಇನ್ನೊಮ್ಮೆ ಹೇಳಿದರು. ಆಮೇಲೆ ಆ ಕಡೆಯಿಂದ ಕಾಗದ ಸರಿಸುವ ಸದ್ದು ಕೇಳಿಸಿತು.

ನನಗಾಗಿ ಸಿದ್ಧಮಾಡಿದ್ದ ಪ್ರಶ್ನೆಗಳನ್ನೆಲ್ಲ ಅವರು ಪಕ್ಕಕ್ಕಿಡುತ್ತಿದ್ದರಂತೆ. “ಇವರ ನಡುವೆ ಕೆಲಸ ಮಾಡುವವರಿಗೆ ನಾನು ಕೇಳುವುದೇನೂ ಇಲ್ಲ,” ಎಂದರು. “ಪಾಸ್.”